ಲಸಿಕೆ ಹಾಕಿಸಿದರೂ ಕೋಳಿ ಸಾಯುವುದೇಕೆ?

(ಗ್ರಾಮ ಪಂಚಾಯಿತಿ ಸದಸ್ಯರ ತರಬೇತಿ ಕಾರ್ಯಾಗಾರದಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಸಂವಿಧಾನದ 11ನೆಯ ಅನುಸೂಚಿಯು ಪಂಚಾಯಿತಿಗಳಿಗೆ ವಹಿಸಬಹುದಾದ 29 ವಿಷಯಗಳನ್ನು ಹೆಸರಿಸಿದೆ. ಪಶುಸಂಗೋಪನೆ, ಹೈನುಗಾರಿಕೆ ಮತ್ತು ಕೋಳಿ ಸಾಕಣೆ ಅವುಗಳಲ್ಲಿ ನಾಲ್ಕನೆಯದು. ಹಿತ್ತಲಿನಲ್ಲಿ ಹತ್ತು ಕೋಳಿ ಸಾಕಿರುವ ಬಡ ಕುಟುಂಬಕ್ಕೆ ಅವು ಆಪತ್ಕಾಲದ ಗಂಟು. ಲಸಿಕೆ ಹಾಕಿಸಿದ ಬಳಿಕವೂ ಅವು ಕೊಕ್ಕರೆ ರೋಗಕ್ಕೆ, ಅಂದರೆ ರಾಣಿಖೇತ್ ರೋಗಕ್ಕೆ ಬಲಿಯಾದರೆ, ದೂರು ಲಸಿಕೆಯ ಮೇಲೂ ಲಸಿಕೆ ಹಾಕಿದವರ ಮೇಲೂ ಬರುತ್ತದೆ. ಮುಂದಿನ ಸಲ ಲಸಿಕೆಗೆ ಕೋಳಿ ಹಿಡಿದುಕೊಡುವವರೇ ಇರುವುದಿಲ್ಲ. ಆದರೆ ಅನೇಕ ವೇಳೆ ದೋಷವಿರುವುದು ಲಸಿಕೆಯಲ್ಲಲ್ಲ. ಅದಕ್ಕೂ ಮೊದಲೇ ಸದ್ದಿಲ್ಲದೆ ಬಂದುಹೋದ ಇನ್ನೊಂದು ವೈರಾಣುವಿನಲ್ಲಿ.

ಲಸಿಕೆಯು ತಾನಾಗಿ ರೋಗವನ್ನು ತಡೆಯುವುದಿಲ್ಲ. ಅದು ಶರೀರಕ್ಕೆ ರೋಗಾಣುವಿನ ಗುರುತು ಹಿಡಿಸುತ್ತದೆ. ಪ್ರತಿಕಾಯಗಳನ್ನು ತಯಾರಿಸಬೇಕಾದುದು ಶರೀರವೇ. ಕೋಳಿಯ ಗುದದ್ವಾರದ ಮೇಲ್ಭಾಗದಲ್ಲಿ ಬರ್ಸಾ ಎಂಬ ಪುಟ್ಟ ಚೀಲವಿದೆ. ಪ್ರತಿಕಾಯ ತಯಾರಿಸುವ ಬಿ ಜೀವಕೋಶಗಳು ಪಕ್ವವಾಗುವುದು ಅಲ್ಲಿಯೇ. ಈ ಚೀಲವನ್ನು ತೆಗೆದ ಮರಿಗಳು ಪ್ರತಿಕಾಯ ತಯಾರಿಸಲಾರವೆಂದು ಅಮೆರಿಕದ ಬ್ರೂಸ್ ಗ್ಲಿಕ್ ಮತ್ತು ಸಂಗಡಿಗರು 1956ರಲ್ಲಿ ಪ್ರಕಟಿಸಿದರು.

ಗುಂಬೊರೊ ರೋಗದ ವೈರಾಣು ಎರಗುವುದು ಇದೇ ಚೀಲದ ಮೇಲೆ. ಅಮೆರಿಕದ ಡೆಲವೇರ್ ರಾಜ್ಯದ ಗುಂಬೊರೊ ಪ್ರದೇಶದಲ್ಲಿ ಮೊದಲು ಕಂಡುದರಿಂದ ರೋಗಕ್ಕೆ ಆ ಹೆಸರು. 1962ರಲ್ಲಿ ಅದರ ವಿವರಣೆ ಪ್ರಕಟವಾಯಿತು. 3ರಿಂದ 6 ವಾರದ ಮರಿಗಳಿಗೆ ತಗುಲಿದರೆ ಅವು ಮಂಕಾಗಿ, ಗರಿ ಕೆದರಿಕೊಂಡು, ಬಿಳಿಯಾಗಿ ನೀರಿನಂತೆ ಭೇದಿ ಮಾಡುತ್ತವೆ, ಹಲವು ಸಾಯುತ್ತವೆ. 3 ವಾರಕ್ಕಿಂತ ಎಳೆಯ ಮರಿಗಳಿಗೆ ತಗುಲಿದಾಗ ಹೊರಗೆ ಏನೂ ಕಾಣಿಸದಿರಬಹುದು. ಅಪಾಯ ಹೆಚ್ಚಿರುವುದು ಇಲ್ಲಿಯೇ. ಒಳಗೆ ಬರ್ಸಾ ನಾಶವಾಗಿರುತ್ತದೆ. ಬಳಿಕ ರಾಣಿಖೇತ್ ಲಸಿಕೆ ಹಾಕಿದರೂ ಸಾಕಷ್ಟು ಪ್ರತಿಕಾಯ ಹುಟ್ಟುವುದಿಲ್ಲ.

ಬೇರೆ ವೈರಾಣುಗಳೂ ಇವೆ. ಕೋಳಿ ರಕ್ತಹೀನತೆಯ ವೈರಾಣು ಥೈಮಸ್ ಗ್ರಂಥಿಯನ್ನೂ ಮೂಳೆಮಜ್ಜೆಯನ್ನೂ ಕೆಡಿಸುತ್ತದೆ. ಮಾರೆಕ್ ರೋಗದ ವೈರಾಣು ಗೆಡ್ಡೆ ಮತ್ತು ಪಾರ್ಶ್ವವಾಯು ತರುವುದಲ್ಲದೆ ರೋಗನಿರೋಧಕ ಶಕ್ತಿಯನ್ನೂ ಕುಂದಿಸುತ್ತದೆ. ಮಾರೆಕ್ ಲಸಿಕೆಯನ್ನು ಮರಿ ಹೊರಬಂದ ಮೊದಲ ದಿನ ಮರಿ ಕೇಂದ್ರದಲ್ಲಿಯೇ ಹಾಕಬೇಕು. ಆದುದರಿಂದ ಸ್ವಸಹಾಯ ಸಂಘಗಳಿಗೆ ಮರಿ ವಿತರಿಸುವಾಗ ಈ ಲಸಿಕೆ ಆಗಿದೆಯೇ ಎಂದು ವಿಚಾರಿಸಿಯೇ ಮರಿ ಪಡೆಯತಕ್ಕದ್ದು.

ಗುಂಬೊರೊ ಲಸಿಕೆಯನ್ನು ಸಾಮಾನ್ಯವಾಗಿ ಸುಮಾರು 14ನೆಯ ದಿನ ನೀಡುತ್ತಾರೆ. ತಾಯಿಕೋಳಿಯಿಂದ ಬಂದ ಪ್ರತಿಕಾಯಗಳು ಹೆಚ್ಚಿರುವಾಗ ಹಾಕಿದರೆ ಅವೇ ಲಸಿಕೆಯನ್ನು ನಿಷ್ಫಲಗೊಳಿಸುತ್ತವೆ. ತಡಮಾಡಿದರೆ ರೋಗ ಮುಂದಾಗುತ್ತದೆ. ಆದಕಾರಣ ದಿನವನ್ನು ಪಶುವೈದ್ಯರೇ ನಿರ್ಧರಿಸಬೇಕು.

ಪಂಚಾಯಿತಿಯ ಹೊಣೆಗೆ ನೇರವಾಗಿ ಸೇರಿದ ಒಂದು ಸಂಗತಿಯನ್ನು ಸದಸ್ಯರು ವಿಶೇಷವಾಗಿ ಗಮನಿಸಬೇಕು. ಓವರ್‌ಹೆಡ್ ಟ್ಯಾಂಕಿಗೆ ಬ್ಲೀಚಿಂಗ್ ಪುಡಿ ಹಾಕುವುದು ಜನರ ಆರೋಗ್ಯಕ್ಕೆ ಅಗತ್ಯ. ಆದರೆ ಕುಡಿಯುವ ನೀರಿನಲ್ಲಿ ಕೊಡುವ ಕೋಳಿ ಲಸಿಕೆಯಲ್ಲಿರುವುದು ಜೀವಂತ ವೈರಾಣು. ಕ್ಲೋರಿನ್ ಅದನ್ನು ಕೊಲ್ಲುತ್ತದೆ. ಲಸಿಕೆಗೆ ಕ್ಲೋರಿನ್ ಸೇರದ ಶುದ್ಧ ಬಾವಿ ಅಥವಾ ಬೋರ್‌ವೆಲ್ ನೀರನ್ನು ಬಳಸಬೇಕು. ಕೆನೆರಹಿತ ಹಾಲಿನ ಪುಡಿ ಬೆರೆಸುವುದೂ ಲಸಿಕೆಗೆ ರಕ್ಷಣೆ. ಲಸಿಕೆಯನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಐಸ್ ಇಟ್ಟ ಪೆಟ್ಟಿಗೆಯಲ್ಲಿ ತರಬೇಕು.

ಗುಂಬೊರೊ ವೈರಾಣು ಬಲು ಗಟ್ಟಿಯಾದುದು. ಕೋಳಿಮನೆಯಲ್ಲಿ ತಿಂಗಳುಗಟ್ಟಲೆ ಉಳಿಯಬಲ್ಲದು. ಆದುದರಿಂದ ಹಳೆಯ ಹಾಸನ್ನು ಪೂರ್ತಿ ತೆಗೆದು, ಗೂಡನ್ನು ತೊಳೆದು, ಕೆಲಕಾಲ ಖಾಲಿ ಬಿಟ್ಟ ನಂತರವೇ ಹೊಸ ಮರಿ ಬಿಡಬೇಕು. ಸಂತೆಯಿಂದ ತಂದ ಕೋಳಿಯನ್ನು ತಕ್ಷಣ ಹಿಂಡಿಗೆ ಸೇರಿಸಬಾರದು. ಸತ್ತ ಕೋಳಿಯನ್ನು ಹಳ್ಳಕ್ಕೋ ತಿಪ್ಪೆಗೋ ಎಸೆಯದೆ, ಆಳವಾದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಬೇಕು. ಒಮ್ಮೆಗೇ ಹಲವು ಕೋಳಿ ಸತ್ತರೆ ಹೂಳುವ ಮೊದಲೇ ಪಶು ಆಸ್ಪತ್ರೆಗೆ ತಿಳಿಸಿ ಮರಣೋತ್ತರ ಪರೀಕ್ಷೆ ಮಾಡಿಸಬೇಕು. ಕಾರಣ ತಿಳಿಯದೆ ಪರಿಹಾರವಿಲ್ಲ.

ಇಡೀ ಊರಿಗೆ ಒಂದೇ ಲಸಿಕಾ ದಿನ, ಸತ್ತ ಕೋಳಿ ಹೂಳಲು ಗೊತ್ತಾದ ಸ್ಥಳ, ಲಸಿಕೆ ಹಾಕಿದ ದಿನಾಂಕದ ನೋಂದಣಿ: ಈ ಮೂರನ್ನು ಮುಂದಿನ ಗ್ರಾಮಸಭೆಯಲ್ಲಿ ಚರ್ಚಿಸಿ ನಿರ್ಣಯಿಸಬಹುದು. ಇವಕ್ಕೆ ದೊಡ್ಡ ಅನುದಾನ ಬೇಕಿಲ್ಲ. ಹತ್ತು ಕೋಳಿಯ ಒಡತಿಗೆ ಲಸಿಕೆಯ ಮೇಲಿನ ನಂಬಿಕೆ ಉಳಿದರೆ ಊರಿನ ಕೋಳಿಯೂ ಉಳಿಯುತ್ತದೆ.