ಮೂರು ಜೊತೆ ಬಟ್ಟೆ, ಒಂದು ಹಗ್ಗ

(ಮಹಿಳಾ ವೇದಿಕೆಯ ಸಭೆಯಲ್ಲಿ ಆಡಿದ ಮಾತಿನ ಬರಹರೂಪ)



ಬೆನ್ನಿಗೆ ಚೀಲ ಹಾಕಿಕೊಂಡು ಪರದೇಶ ಸುತ್ತಿ ಬಂದವಳು ಬಟ್ಟೆ ಒಗೆಯುವ ವಿಷಯ ಮಾತಾಡುತ್ತಾಳಂತೆ ಎಂದು ಕೆಲವರು ನಕ್ಕಿದ್ದೀರಿ. ಆದರೆ ಪ್ರವಾಸದಿಂದ ಬಂದಾಗಲೆಲ್ಲ ನೀವು ನನ್ನನ್ನು ಕೇಳಿದ ಮೊದಲ ಪ್ರಶ್ನೆ ಗೋಪುರದ್ದೂ ಅಲ್ಲ, ಮ್ಯೂಸಿಯಮ್ಮಿನದೂ ಅಲ್ಲ. "ಅಷ್ಟು ಸಣ್ಣ ಚೀಲದಲ್ಲಿ ಹದಿನೈದು ದಿನ ಹೇಗೆ ಕಳೆದೆ? ಬಟ್ಟೆಗೇನು ಮಾಡಿದೆ?" ಎಂದೇ ಕೇಳಿದ್ದೀರಿ. ಇವತ್ತು ಅದಕ್ಕೇ ಉತ್ತರ ಹೇಳುತ್ತೇನೆ.

ಲೆಕ್ಕ ಸರಳ. ಬಹಳಷ್ಟು ವಿಮಾನಗಳಲ್ಲಿ ಕೈಚೀಲಕ್ಕೆ 7 ಕಿಲೋ ಮಿತಿ. ಹದಿನೈದು ದಿನಕ್ಕೆ ಹದಿನೈದು ಜೊತೆ ಬಟ್ಟೆ ಎಂದರೆ ದೊಡ್ಡ ಪೆಟ್ಟಿಗೆ, ಕೂಲಿ, ಟ್ಯಾಕ್ಸಿ, ಸೊಂಟನೋವು. ಮೂರು ಜೊತೆ ಎಂದರೆ ಒಂದು ಮೈಮೇಲೆ, ಒಂದು ಚೀಲದಲ್ಲಿ, ಒಂದು ಹಗ್ಗದ ಮೇಲೆ. ದಿನಾ ರಾತ್ರಿ ಹತ್ತು ನಿಮಿಷ ಒಗೆದರೆ ತಿಂಗಳಾದರೂ ತಿರುಗಬಹುದು.

ಈ ವಿದ್ಯೆ ನಮಗೆ ಹೊಸದೇನಲ್ಲ. ಶೇಂದ್ರಾದ ಕಾರ್ಖಾನೆಗಳ ಸುತ್ತ ಸಂಸಾರ ಹೂಡಿರುವ ನಾವು ಮರಾಠವಾಡದ ನೀರಿನ ಬೆಲೆ ಬಲ್ಲವರು. ಸುಮಾರು 50 ಕಿಲೋಮೀಟರ್ ದೂರದ ಪೈಠಣದಲ್ಲಿ ಜಾಯಕವಾಡಿ ಅಣೆಕಟ್ಟು ತುಂಬಿದ್ದರೂ ಸಂಭಾಜಿನಗರದ ಎಷ್ಟೋ ಓಣಿಗಳಲ್ಲಿ ನಲ್ಲಿ ಬರುವುದು ಕೆಲವು ದಿನಗಳಿಗೊಮ್ಮೆ. 2016ರ ಬೇಸಿಗೆಯಲ್ಲಿ ಲಾತೂರಿಗೆ ಮೀರಜದಿಂದ ರೈಲಿನಲ್ಲಿ ನೀರು ತಂದದ್ದು ನಿಮಗೆ ನೆನಪಿರಬಹುದು. ಬಟ್ಟೆ ಜಾಲಿಸಿದ ನೀರನ್ನು ಚೆಲ್ಲದೆ ಅಂಗಳ ತೊಳೆಯುವ ನಮಗೆ ವಾಶ್ ಬೇಸಿನ್ನಿನಲ್ಲಿ ಒಗೆಯುವುದು ಕಷ್ಟವೇ?

ಬೇಸಿನ್ನಿನ ತೂತಿಗೆ ಮುಚ್ಚಳ ಇಲ್ಲದಿದ್ದರೆ ಒಂದು ಕಾಲುಚೀಲ ತುರುಕಿ. ದ್ರವದ ಸೋಪು ಬೇಡ, ಬಹಳಷ್ಟು ವಿಮಾನ ನಿಲ್ದಾಣಗಳಲ್ಲಿ ಕೈಚೀಲದಲ್ಲಿ 100 ಮಿಲಿಲೀಟರಿಗಿಂತ ದೊಡ್ಡ ಬಾಟಲಿ ಬಿಡುವುದಿಲ್ಲ. ಒಗೆಯುವ ಸೋಪಿನ ಅರ್ಧ ಬಿಲ್ಲೆ ಸಾಕು, ಅದನ್ನು ಯಾರೂ ತಡೆಯುವುದಿಲ್ಲ. ರಕ್ತದ ಕಲೆ ಇದ್ದರೆ ತಣ್ಣೀರಿನಲ್ಲೇ ಮೊದಲು ತೊಳೆಯಿರಿ. ಬಿಸಿನೀರು ಬಿದ್ದರೆ ರಕ್ತದ ಪ್ರೋಟೀನು ಗಟ್ಟಿಯಾಗಿ ನೂಲಿಗೆ ಅಂಟಿಕೊಳ್ಳುತ್ತದೆ. ಆಮೇಲೆ ಬಟ್ಟೆಯನ್ನು ಹಿಂಡಿ, ಒಣ ಟವೆಲ್ಲಿನ ಮೇಲೆ ಹರಡಿ, ಎರಡನ್ನೂ ಚಾಪೆಯಂತೆ ಸುತ್ತಿ, ಮೇಲೆ ಮೊಣಕಾಲಿಟ್ಟು ಒತ್ತಿ. ಕೈಯಿಂದ ಹಿಂಡಿದಾಗ ಬರದ ನೀರೂ ಟವೆಲ್ಲಿಗೆ ಬರುತ್ತದೆ.

ಯಾವ ಬಟ್ಟೆ ಒಯ್ಯಬೇಕು? 100 ಗ್ರಾಂ ಹತ್ತಿ ಬಟ್ಟೆ, ಒಣಗಿದೆ ಎಂದು ನಾವು ಅಂದುಕೊಂಡಾಗಲೂ, ಗಾಳಿಯ ತೇವದಿಂದಲೇ 7-8 ಗ್ರಾಂ ನೀರು ಹಿಡಿದಿರುತ್ತದೆ. ಪಾಲಿಯೆಸ್ಟರ್ ಅರ್ಧ ಗ್ರಾಂ ಕೂಡ ಹಿಡಿಯುವುದಿಲ್ಲ. ಅದಕ್ಕೇ ರಾತ್ರಿ ಒಗೆದ ಪಾಲಿಯೆಸ್ಟರ್ ಟೀಶರ್ಟು ಬೆಳಿಗ್ಗೆ ಸಿದ್ಧ, ಜೀನ್ಸು ಎರಡು ದಿನವಾದರೂ ಹಸಿ. ಮೇಲಿನ ಬಟ್ಟೆ ಪಾಲಿಯೆಸ್ಟರ್ ಇರಲಿ. ಒಳಉಡುಪು ಮಾತ್ರ ಹತ್ತಿಯದೇ ಒಳ್ಳೆಯದು. ಅದು ನಿಧಾನ ಒಣಗುತ್ತದೆ ಎಂಬುದನ್ನು ನೆನಪಿಡಿ, ಆ ಮಾತಿಗೆ ಮತ್ತೆ ಬರುತ್ತೇನೆ.

ವಾರಕ್ಕೊಮ್ಮೆ ಮಶೀನು ಸಿಕ್ಕರೆ ಹಬ್ಬ. ಜಪಾನಿನಲ್ಲಿ ಓಣಿ ಓಣಿಗೆ ನಾಣ್ಯ ಹಾಕುವ ಲಾಂಡ್ರಿ ಇವೆ. 100 ಯೆನ್ನಿನ ನಾಣ್ಯಗಳನ್ನು ಕೂಡಿಟ್ಟುಕೊಳ್ಳಿ. ಸೆಂತಾಕು ಎಂದರೆ ಒಗೆತ, ಕಾನ್ಸೋ ಎಂದರೆ ಒಣಗಿಸುವುದು. ಸೋಪು ತಾನೇ ಸುರಿದುಕೊಳ್ಳುವ ಮಶೀನುಗಳೂ ಇವೆ. ಜರ್ಮನಿಯಲ್ಲಿ ಮಶೀನಿನ ಮೇಲೆ 30, 40, 60, 90 ಎಂದು ನೀರಿನ ಬಿಸಿ ಬರೆದಿರುತ್ತದೆ, 30 ಒತ್ತಿದರೆ ಬಣ್ಣದ ಬಟ್ಟೆಗೆ ಭಯವಿಲ್ಲ. ವಿಯೆಟ್ನಾಮಿನ ಹನೋಯಿಯಲ್ಲಿ ಕಿಲೋ ಲೆಕ್ಕದಲ್ಲಿ ತೂಗಿ ತೆಗೆದುಕೊಂಡು, ಮರುದಿನ ಮಡಿಸಿ ಕೊಡುತ್ತಾರೆ. ಕೊಡುವ ಮುಂಚೆ ಎಣಿಸಿ, ಫೋಟೋ ತೆಗೆದಿಡಿ. ಭಾಷೆ ಬಾರದಿದ್ದರೂ ಬಟ್ಟೆಯ ಪಟ್ಟಿಯ ಮೇಲಿನ ಗುರುತು ಎಲ್ಲ ಕಡೆಯೂ ಒಂದೇ: ನೀರಿನ ತೊಟ್ಟಿ ಎಂದರೆ ಒಗೆತ, ಚೌಕದೊಳಗೆ ವೃತ್ತ ಎಂದರೆ ಡ್ರೈಯರ್, ತ್ರಿಕೋನ ಎಂದರೆ ಬ್ಲೀಚ್. ಮೇಲೆ × ಗುರುತು ಹಾಕಿದ್ದರೆ ಬೇಡ ಎಂದರ್ಥ.

ಇನ್ನು ನಾನು ನಿಜವಾಗಿ ಹೇಳಬೇಕೆಂದು ಬಂದ ಮಾತು.

ಹನೋಯಿಯಲ್ಲಿ ನಾನು ಉಳಿದದ್ದು ಒಂದೇ ಕೋಣೆಯಲ್ಲಿ ಎಂಟು ಮಂಚಗಳಿರುವ ಹಾಸ್ಟೆಲ್ಲಿನಲ್ಲಿ. ಮಹಡಿಯ ಮೇಲೆ ಉದ್ದಕ್ಕೂ ಒಂದೇ ಹಗ್ಗ. ಹತ್ತು ದೇಶದ ಗಂಡಸರ, ಹೆಂಗಸರ ಬಟ್ಟೆಗಳೆಲ್ಲ ಅದರ ಮೇಲೆ ಸಾಲಾಗಿ. ಅಂಗಿ, ಚಡ್ಡಿ, ಬ್ರಾ, ಟವೆಲ್ಲು. ಯಾರೂ ತಲೆಯೆತ್ತಿ ನೋಡುತ್ತಿರಲಿಲ್ಲ. ಅದರಲ್ಲಿ ಒಂದು ಕಡೆ ಮಾತ್ರ ದಪ್ಪ ಟವೆಲ್ಲು ಹೊದಿಸಿತ್ತು. ನಮ್ಮ ದೇಶದ್ದೇ ಒಬ್ಬ ಹುಡುಗಿಯದು. ನಾನು ನೋಡಿದ್ದು ಕಂಡು ತಾನೇ ನಕ್ಕಳು: "ಏನು ಮಾಡಲಿ ದೀದಿ, ಅಭ್ಯಾಸ." ಪಕ್ಕದ ಬಟ್ಟೆಗಳೆಲ್ಲ ಮಧ್ಯಾಹ್ನಕ್ಕೇ ಒಣಗಿದ್ದವು. ಅವಳದು ಸಂಜೆಯಾದರೂ ಹಸಿ.

ಆ ಟವೆಲ್ಲು ನನಗೆ ಚೆನ್ನಾಗಿ ಗೊತ್ತು. ನಾನು ಬೆಳೆದ ಕಲಬುರಗಿಯ ಓಣಿಯಲ್ಲಿ ಅಜ್ಜಿಯಂದಿರು ಮಡಿ ಸೀರೆಯನ್ನು ಕೋಲಿನಿಂದ ಎತ್ತಿ ಎತ್ತರದ ಗಳುವಿನ ಮೇಲೆ ಹರವುತ್ತಿದ್ದರು. ಯಾರೂ ಮುಟ್ಟದಂತೆ, ಗಾಳಿಬಿಸಿಲು ಆಡುವಂತೆ. ಆದರೆ ಅದೇ ಮನೆಯಲ್ಲಿ ಹೆಂಗಸರ ಒಳಉಡುಪು, ತಿಂಗಳಿನ ಬಟ್ಟೆ ಒಣಗುತ್ತಿದ್ದದ್ದು ಬಚ್ಚಲಿನ ಮೂಲೆಯಲ್ಲಿ, ಇಲ್ಲವೇ ಬೇರೆ ಸೀರೆಯ ಅಡಿಯಲ್ಲಿ. ಮೈಗೆ ಅತಿ ಹತ್ತಿರ ಇರುವ ಬಟ್ಟೆಗೇ ಬಿಸಿಲಿಲ್ಲ. ಆರದ ಬಟ್ಟೆಯಲ್ಲಿ ಶಿಲೀಂಧ್ರ ಬೆಳೆಯುತ್ತದೆ. ತೊಡೆಸಂದಿನ ತುರಿಕೆ, ಬಿಳಿಸೆರಗು ಎಂದು ಡಾಕ್ಟರ ಹತ್ತಿರ ಹೋಗಲೂ ನಾಚಿ ವರ್ಷಗಟ್ಟಲೆ ಸಹಿಸಿದವರು ನಮ್ಮ ಮನೆಗಳಲ್ಲೇ ಇದ್ದಾರೆ. ತಿಂಗಳಿನ ಬಟ್ಟೆಯನ್ನು ಬಿಸಿಲಿನಲ್ಲಿ ಪೂರ್ತಿ ಒಣಗಿಸಿ ಎಂದು ವೈದ್ಯರು ಹೇಳುತ್ತಲೇ ಇದ್ದಾರೆ. ಕೇಳಿಸಿಕೊಳ್ಳಲು ಅಡ್ಡ ಬಂದದ್ದು ನಾಚಿಕೆ.

ಊರಿಗೆ ಬಂದ ಮೇಲೆ ಶೇಂದ್ರಾದ ನಮ್ಮ ಫ್ಲಾಟಿನ ಬಾಲ್ಕನಿಯಲ್ಲಿ ಹಗ್ಗ ಕಟ್ಟಿ, ಎಲ್ಲ ಬಟ್ಟೆಯನ್ನೂ ಮುಚ್ಚದೆ ಒಣಹಾಕಿದೆ. ಆಗ ನನ್ನ ಜೊತೆಗಿದ್ದ ಅವ್ವ ಕೇಳಿದಳು, "ಯಾರರೆ ನೋಡಿದ್ರ ಏನಂತಾರ?"

"ಒಗದ್ ಅರಿವಿ ಅವ್ವ, ಏನಂತಾರ?" ಎಂದೆ.

ಅವ್ವ ಮಾತಾಡಲಿಲ್ಲ. ಒಂದು ವಾರ ತನ್ನ ಬಟ್ಟೆ ಬಾತ್‌ರೂಮಿನಲ್ಲೇ ಹಾಕಿದಳು. ಎಂಟನೆಯ ದಿನ ಆಫೀಸಿನಿಂದ ಬಂದಾಗ ಹಗ್ಗದ ತುದಿಯಲ್ಲಿ ಅವಳವೂ ಇದ್ದವು. ನಾನೂ ಏನೂ ಅನ್ನಲಿಲ್ಲ, ಇನ್ನೆರಡು ಕ್ಲಿಪ್ಪು ತಂದಿಟ್ಟೆ.

ನೀವೆಲ್ಲ ಪರದೇಶಕ್ಕೆ ಹೋಗಲೇಬೇಕೆಂದಿಲ್ಲ. ಹೋದರೆ ಮೂರು ಜೊತೆ ಬಟ್ಟೆ, ಅರ್ಧ ಬಿಲ್ಲೆ ಸೋಪು, ಒಂದು ಹಗ್ಗ ಮರೆಯಬೇಡಿ. ಹೋಗದಿದ್ದರೂ ಹಗ್ಗವನ್ನು ಮಾತ್ರ ಈ ವಾರವೇ ಕಟ್ಟಿ, ಬಿಸಿಲು ಬೀಳುವ ಕಡೆ. ಮಗಳು ದೊಡ್ಡವಳಾದ ಮನೆಯಲ್ಲಂತೂ ಅವಳ ಕಣ್ಣೆದುರೇ ಕಟ್ಟಿ. ಮಗನಿದ್ದರೆ ಅವನ ಬಟ್ಟೆ ಅವನೇ ಒಗೆದು ಅದೇ ಹಗ್ಗಕ್ಕೆ ಹಾಕಲಿ. ಅಕ್ಕನ ಬಟ್ಟೆಯ ಪಕ್ಕದಲ್ಲಿ ತನ್ನ ಬಟ್ಟೆ ಒಣಹಾಕಿ ಬೆಳೆದ ಹುಡುಗನಿಗೆ ಅದು ಬರಿಯ ಬಟ್ಟೆ ಎಂದು ಬೇರೆಯಾಗಿ ಹೇಳಿಕೊಡಬೇಕಾಗಿಲ್ಲ.

ಮರಾಠವಾಡದಲ್ಲಿ ನೀರಿಗೆ ಬರ ಇರಬಹುದು, ಬಿಸಿಲಿಗಿಲ್ಲ. ನಮ್ಮ ಪಾಲಿನ ಬಿಸಿಲು ನಮ್ಮ ಬಟ್ಟೆಗೂ ಸಿಗಲಿ.