ಗಡಿಯಾರವರಿಯದ ಜೀವಗಳು

ಸುಗಟೂರಿನಲ್ಲಿ ವರ್ಷದ ಅತಿ ದೀರ್ಘ ಹಗಲಿಗೂ ಅತಿ ಹ್ರಸ್ವ ಹಗಲಿಗೂ ಇರುವ ಅಂತರ ಸುಮಾರು ಒಂದೂವರೆ ಗಂಟೆ. ಹೀಗಾಗಿ ಇಲ್ಲಿ ಋತುವಿಗನುಗುಣವಾಗಿ ಗಡಿಯಾರ ತಿದ್ದುವ ಪ್ರಮೇಯವಿಲ್ಲ. 1942ರಿಂದ 1945ರವರೆಗೆ ಭಾರತದ ಗಡಿಯಾರ ಒಂದು ಗಂಟೆ ಮುಂದಿದ್ದುದು ಮಹಾಯುದ್ಧದ ನಿಮಿತ್ತ.

ಇಂಗ್ಲೆಂಡಿನ ಕನ್ನಡ ಕುಟುಂಬಗಳಾದರೋ ಮಾರ್ಚ್ ಮತ್ತು ಅಕ್ಟೋಬರ್ ತಿಂಗಳುಗಳ ಕೊನೆಯ ಭಾನುವಾರ ಗಡಿಯಾರ ತಿದ್ದುತ್ತವೆ; ಮನೆಯ ನಾಯಿ, ಬೆಕ್ಕುಗಳಿಗೆ ಅದು ತಿಳಿಯದು. ಅವುಗಳ ಹಸಿವು ಬೆಳಕನ್ನೂ ನಿತ್ಯದ ರೂಢಿಯನ್ನೂ ಅನುಸರಿಸುತ್ತದೆ. ಅಕ್ಟೋಬರಿನಲ್ಲಿ ಊಟ ಒಂದು ಗಂಟೆ ತಡವಾಗಿ, ಅವು ಕಾದು ಚಡಪಡಿಸುತ್ತವೆ. ದಿನಕ್ಕೆ ಹತ್ತು ನಿಮಿಷದಂತೆ ಹೊತ್ತು ಸರಿಸಿದರೆ ಸುಲಭವಾಗಿ ಹೊಂದಿಕೊಳ್ಳುತ್ತವೆ.

ಕೋಲಾರದ ಕೊಟ್ಟಿಗೆಗೂ ಇದೇ ನೀತಿ. ಹಾಲು ಕರೆಯುವುದು ತಡವಾದರೆ ಹಸುವಿನ ಕೆಚ್ಚಲು ಬಿಗಿದು ನೋಯುತ್ತದೆ. ಡೇರಿಯ ವೇಳೆ ಬದಲಿಸುವವರು ಹಸುವಿಗೂ ಕೆಲವು ದಿನಗಳ ಅವಕಾಶ ನೀಡಲಿ.