ಯಂತ್ರದ ಊಹೆಯೂ ವೈದ್ಯನ ವಿವೇಕವೂ

(ಶಾಲಾ ವಾರ್ಷಿಕೋತ್ಸವದಲ್ಲಿ ಮುಖ್ಯೋಪಾಧ್ಯಾಯರು ಮಾಡಿದ ಭಾಷಣ)



ಮಿದುಳಿಗೆ ರಕ್ತವನ್ನೊಯ್ಯುವ ದೊಡ್ಡ ಧಮನಿಯಲ್ಲಿ ಹೆಪ್ಪು ಸಿಕ್ಕಿಕೊಂಡರೆ ಪಾರ್ಶ್ವವಾಯು ಬಡಿಯುವುದು. ಆಗ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ನಾಶವಾಗುವುವೆಂದು ವೈದ್ಯರ ಲೆಕ್ಕ. ತೊಡೆಸಂದಿನ ಧಮನಿಯಿಂದ ಸಣ್ಣ ನಳಿಕೆಯನ್ನು ಮಿದುಳಿನವರೆಗೆ ನಡೆಸಿ ಹೆಪ್ಪನ್ನು ಹೊರಗೆಳೆಯುವ ಚಿಕಿತ್ಸೆಯುಂಟು. ನೆದರ್ಲೆಂಡ್ಸಿನಲ್ಲಿ 500 ರೋಗಿಗಳ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಈ ಚಿಕಿತ್ಸೆಯನ್ನೂ ಪಡೆದವರಲ್ಲಿ ನೂರಕ್ಕೆ ಸುಮಾರು 33 ಮಂದಿ ಮೂರು ತಿಂಗಳಲ್ಲಿ ಪರಾಶ್ರಯವಿಲ್ಲದೆ ಬಾಳುವಂತಾದರು. ಸಾಮಾನ್ಯ ಚಿಕಿತ್ಸೆಯನ್ನಷ್ಟೇ ಪಡೆದವರಲ್ಲಿ 19 ಮಂದಿ.

ನಮ್ಮ ಮುಂದಿರುವ ರೋಗಿಯು ಆ 33ರಲ್ಲಿ ಸೇರುವನೇ? ಇದಕ್ಕೆ ಇಂದು ಗಣಕಯಂತ್ರವನ್ನು ಕೇಳುತ್ತಾರೆ. ಹಿಂದಿನ ರೋಗಿಗಳ ವಯಸ್ಸು, ರಕ್ತದೊತ್ತಡ, ಮಿದುಳಿನ ಚಿತ್ರ, ಕಡೆಯ ಫಲ ಇವನ್ನು ಒದಗಿಸಿದರೆ, ಯಂತ್ರವು ಅವುಗಳ ಸಂಬಂಧವನ್ನು ತಾನೇ ಕಲಿತು ಹೊಸಬನ ಫಲವನ್ನು ಊಹಿಸುವುದು. ಅದೇ ನಾಡಿನ 1,383 ರೋಗಿಗಳ ದಾಖಲೆಯಿಂದ 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಚಿಕಿತ್ಸೆಗೆ ಮುಂಚಿನ ವಿವರಗಳಿಂದ ಊಹಿಸುವಾಗ ಈ ವಿಧಾನಗಳು ಹಳೆಯ ಸಂಖ್ಯಾಶಾಸ್ತ್ರವನ್ನು ಮೀರಿಸಲಿಲ್ಲ.

ಇನ್ನೊಂದು ಮಾತು. ಆ ದಾಖಲೆಯಲ್ಲಿದ್ದವರೆಲ್ಲ ಚಿಕಿತ್ಸೆ ಪಡೆದವರೇ. ಚಿಕಿತ್ಸೆ ದೊರೆಯದವರ ಪಾಡನ್ನು ಅಂಥ ಯಂತ್ರವು ಕಲಿತಿರುವುದಿಲ್ಲ. ಆದುದರಿಂದ ‘ಫಲ ಒಳ್ಳೆಯದಾಗದು’ ಎಂದು ಅದು ನುಡಿದರೆ ‘ಚಿಕಿತ್ಸೆ ವ್ಯರ್ಥ’ ಎಂದರ್ಥವಲ್ಲ; ಚಿಕಿತ್ಸೆಯಿಲ್ಲದಿದ್ದರೆ ಗತಿ ಇನ್ನೂ ಕೆಡಬಹುದು.

ಅರ್ಧವಾರ್ಷಿಕ ಪರೀಕ್ಷೆಯ ಅಂಕಗಳನ್ನು ನೋಡಿ ಯಾರು ತೇರ್ಗಡೆಯಾಗುವರೆಂದು ನಾನೂ ಊಹಿಸಬಲ್ಲೆ. ಆದರೆ ಆ ಊಹೆಯ ಬಲದಿಂದ ಹಿಂದುಳಿದ ಹುಡುಗನನ್ನು ತರಗತಿಯಿಂದ ಹೊರಗಟ್ಟಲಾರೆ. ಸಂಜೆ ನಿಲ್ಲಿಸಿಕೊಂಡು ಇನ್ನೊಮ್ಮೆ ಪಾಠ ಹೇಳುವೆನು. ಮುನ್ಸೂಚನೆ ಇರುವುದು ಆರೈಕೆಯನ್ನು ಹೆಚ್ಚಿಸಲಿಕ್ಕೆ, ಬಾಗಿಲು ಮುಚ್ಚಲಿಕ್ಕಲ್ಲ. ನಾಳೆ ವೈದ್ಯರಾಗುವ ಮಕ್ಕಳು ಇದನ್ನು ಮರೆಯದಿರಲಿ.